ರ‍್ಯಾಮ್ ಹಾಕಿದ ಮೇಲೆ ಪರದೆ ಕಪ್ಪಾದರೆ ಮದರ್‌ಬೋರ್ಡ್ ಸುಟ್ಟಿದೆಯೇ?

ಹೊಸ ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ) ಹಾಕಿದ ಮೇಲೆ ಕಂಪ್ಯೂಟರ್ ಶುರುವಾಗದಿದ್ದರೆ ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಫಲಕ) ಸುಟ್ಟುಹೋಗಿದೆ, ಬದಲಾಯಿಸುವುದೊಂದೇ ದಾರಿ ಎಂಬ ಸಂದೇಶ ಆಗಾಗ ಮೊಬೈಲಿಗೆ ಬಂದು ಬೀಳುತ್ತದೆ. ಇದು ಸರಿಯಲ್ಲ. ಫ್ಯಾನ್ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ, ರ‍್ಯಾಮ್ ಸರಿಯಾಗಿ ಕೂತಿದೆಯೇ ಎಂದು ಮೊದಲು ನೋಡಬೇಕು. ಗಾಬರಿಯಲ್ಲಿ ಯಾರಿಗಾದರೂ ಕೆಟ್ಟದ್ದೇ ಮೊದಲು ಹೊಳೆಯುತ್ತದೆ. ಸಂದೇಶ ಹಂಚಿದವರಿಗೂ ಹಾಗೆಯೇ ಆಗಿರಬಹುದು.

ಪರೀಕ್ಷೆ ಕಷ್ಟವೇನಲ್ಲ. ವಿದ್ಯುತ್ ತಂತಿ ಕಿತ್ತು, ಪವರ್ ಬಟನ್ ಕೆಲವು ಕ್ಷಣ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಲೋಹದ ಭಾಗವನ್ನು ಮುಟ್ಟಿ, ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ಇಳಿಯಲಿ. ಹೊಸದನ್ನು ತೆಗೆದು ಹಳೆಯದನ್ನಷ್ಟೇ ಅದರ ಜಾಗದಲ್ಲಿ ಹಾಕಿ. ಕಂಪ್ಯೂಟರ್ ಎದ್ದಿತೇ? ಹಾಗಾದರೆ ಮದರ್‌ಬೋರ್ಡ್ ಸುಟ್ಟಿಲ್ಲ. ಆಮೇಲೆ ಹೊಸದನ್ನು ಒಂಟಿಯಾಗಿ ಹಾಕಿ ನೋಡಿ. ಎರಡೂ ತುದಿ ಸಮನಾಗಿ ಇಳಿದು ಕೊಕ್ಕೆ ಟಕ್ಕೆಂದು ಮುಚ್ಚಿಕೊಳ್ಳಬೇಕು. ಒಂದು ತುದಿ ತುಸು ಮೇಲೆ ನಿಂತರೂ ಸಾಕು, ಪರದೆ ಬೆಳಗದೆ ಇರಬಹುದು.

ಡೆಸ್ಕ್‌ಟಾಪಿನ ಡಿಡಿಆರ್4, ಡಿಡಿಆರ್5 ಎಂಬ ಎರಡು ಬಗೆಯ ರ‍್ಯಾಮ್‌ಗಳಿಗೂ 288 ಪಿನ್‌ಗಳೇ. ಆದರೆ ಕೆಳಗಿನ ಕಚ್ಚಿನ ಜಾಗ ಬೇರೆ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು, ಬಲ ಹಾಕಬೇಡಿ. ಡಿಡಿಆರ್5 ಆದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಯಂತ್ರ ಆಗ ಹೊಸ ಮೆಮೊರಿಯೊಂದಿಗೆ ಹೊಂದಿಕೊಳ್ಳುತ್ತಿರುತ್ತದೆ, ಕಾಯಿರಿ. ಬೀಪ್ ಸದ್ದು ಬಂದರೆ ಎಣಿಸಿಕೊಂಡು ಮದರ್‌ಬೋರ್ಡಿನ ಕೈಪಿಡಿಯಲ್ಲಿ ಅರ್ಥ ಹುಡುಕಿ. ಯಾವ ಸ್ಲಾಟನ್ನು ಮೊದಲು ತುಂಬಬೇಕೆಂಬುದೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.