ಪರ-ವಿರೋಧ: ಒಬ್ಬರ ಪರಿಹಾರಕ್ಕೆಂದೇ ಒಂದು ಕಾನೂನು ಬೇಕೇ?

ಪರ

ಪರಿಹಾರ ಕೊಡಲು ಇದೇ ಮೊದಲ ದಾರಿ ಅಂತ ನಾನೂ ಹೇಳುವುದಿಲ್ಲ. ಆದರೆ ಉಳಿದ ಬಾಗಿಲೆಲ್ಲ ಮುಚ್ಚಿದ ಮೇಲೆ ಒಂದಾದರೂ ತೆರೆದಿರಬೇಕು ಅಲ್ವಾ? ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಅಂಥ ಬಾಗಿಲಿದೆ. ಸರ್ಕಾರದಿಂದ ಅನ್ಯಾಯವಾದ ಒಬ್ಬರ ಸಲುವಾಗಿಯೇ ಮಸೂದೆ ತಂದು, ಇಂತಿಷ್ಟು ಹಣ ಕೊಡಬೇಕೆಂದು ಶಾಸನಸಭೆ ಕಾನೂನು ಮಾಡುತ್ತದೆ.

1923ರ ಜನವರಿಯಲ್ಲಿ ಅಲ್ಲಿನ ರೋಸ್‌ವುಡ್ ಎಂಬ ಕಪ್ಪು ಜನರ ಊರಿಗೆ ಬಿಳಿಯರ ಗುಂಪು ನುಗ್ಗಿತು. ಜನ ಸತ್ತರು, ಮನೆಗಳು ಸುಟ್ಟುಹೋದವು. ಬದುಕಿದವರು ಜೌಗುಕಾಡಿನಲ್ಲಿ ಅಡಗಿ ಜೀವ ಉಳಿಸಿಕೊಂಡರು. ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ದಶಕಗಳು ಕಳೆದ ಮೇಲೆ ಕೋರ್ಟಿಗೆ ಹೋಗೋಣವೆಂದರೆ ಕಾಲಮಿತಿ ಎಂದೋ ಮುಗಿದಿತ್ತು. 1994ರಲ್ಲಿ ಶಾಸನಸಭೆ ಕಾನೂನು ಮಾಡಿ, ಆ ಹೊತ್ತಿಗೆ ಉಳಿದಿದ್ದ ಬೆರಳೆಣಿಕೆಯ ವೃದ್ಧರಿಗೆ ತಲಾ 1.5 ಲಕ್ಷ ಡಾಲರ್ ಕೊಟ್ಟಿತು. ಬೇರೆ ಯಾವ ದಾರಿಯಲ್ಲೂ ಅವರಿಗೆ ಇದು ಸಿಗುತ್ತಿರಲಿಲ್ಲ.

ಇನ್ನೊಂದು ಸಂಗತಿ. 1976ರಲ್ಲಿ ಜಾಕ್ಸನ್‌ವಿಲ್‌ನಲ್ಲಿ ಒಂದೇ ಕುಟುಂಬದ ಇಬ್ಬರನ್ನು, ಮಾಡದ ಕೊಲೆಗಾಗಿ ಜೈಲಿಗೆ ಹಾಕಿದರು. ಹೊರಗೆ ಬಂದದ್ದು 2019ರಲ್ಲಿ. ಜೈಲಿನಲ್ಲಿ ಕಳೆದ ವರ್ಷಕ್ಕೆ 50 ಸಾವಿರ ಡಾಲರ್‌ನಂತೆ, ಒಟ್ಟು 20 ಲಕ್ಷ ಮೀರದಂತೆ ಪರಿಹಾರ ಕೊಡುವ ಸಾಮಾನ್ಯ ಕಾನೂನು ಅಲ್ಲಿತ್ತು. ಕಿರಿಯನಿಗೆ ಅದು ಸಿಕ್ಕಿತು. ಹಿರಿಯನ ಮೇಲೆ ಹಿಂದಿನ ಬೇರೆ ಅಪರಾಧಗಳಿದ್ದವು, ಹಾಗಾಗಿ ಆಗಿನ ಕಾನೂನಿನಂತೆ ಅವನಿಗೆ ಬಿಡಿಗಾಸೂ ಇಲ್ಲ. ಅದೇ ಕೇಸು, ಅದೇ 43 ವರ್ಷ. ಕೊನೆಗೆ 2020ರಲ್ಲಿ ಅವನೊಬ್ಬನ ಸಲುವಾಗಿ ಕಾನೂನು ಮಾಡಿ 21.5 ಲಕ್ಷ ಡಾಲರ್ ಕೊಟ್ಟರು. ನಿಯಮ ಬರೆಯುವವರಿಗೆ ಎಲ್ಲವೂ ಮೊದಲೇ ಹೊಳೆಯುವುದಿಲ್ಲ. ಬಿಟ್ಟುಹೋದವರನ್ನು ಸೇರಿಸಿಕೊಳ್ಳಲು ಈ ದಾರಿ ಇರಲಿ.

ವಿರೋಧ

ಸರ್ಕಾರದಿಂದ ನನಗೆ ಪೆಟ್ಟು ಬಿದ್ದರೆ ಪರಿಹಾರ ನನ್ನ ಹಕ್ಕು. ಅದನ್ನು ಶಾಸಕರ ಮುಂದೆ ನಿಂತು ಬೇಡುವಂತೆ ಮಾಡುವ ಯಾವ ಏರ್ಪಾಡೂ ನನಗೆ ಒಪ್ಪಿಗೆಯಿಲ್ಲ.

ಅದೇ ಫ್ಲಾರಿಡಾದಲ್ಲಿ 1998ರಲ್ಲಿ ಪೊಲೀಸ್ ಸಿಬ್ಬಂದಿಯೊಬ್ಬ ಓಡಿಸುತ್ತಿದ್ದ ಕಾರು ಗುದ್ದಿ 18ರ ಹುಡುಗನ ಮಿದುಳಿಗೆ ಏಟಾಯಿತು. 2005ರಲ್ಲಿ ಜ್ಯೂರಿ 3 ಕೋಟಿ ಡಾಲರ್‌ಗೂ ಜಾಸ್ತಿ ಕೊಡಬೇಕೆಂದಿತು. ಆದರೆ ಶಾಸನಸಭೆಯ ಒಪ್ಪಿಗೆಯಿಲ್ಲದೆ ಸರ್ಕಾರ ಒಬ್ಬರಿಗೆ ಕೊಡಬೇಕಾದದ್ದು ಆಗ ಬರೀ 1 ಲಕ್ಷ. 2011ರಲ್ಲಿ ಅದನ್ನು 2 ಲಕ್ಷಕ್ಕೆ ಏರಿಸಿದರು, ಅಷ್ಟೇ. ಉಳಿದದ್ದಕ್ಕೆ ಮಸೂದೆ ಬೇಕು, ಮಸೂದೆ ತರಲು ಒಬ್ಬ ಸದಸ್ಯ ಬೇಕು, ಎರಡೂ ಸದನ ಒಪ್ಪಬೇಕು. ಹುಡುಗನ ಮನೆಯವರು 2012ರವರೆಗೆ ಕಾದರು. ಸಿಕ್ಕಿದ್ದು ಸುಮಾರು 1.07 ಕೋಟಿ. ಕೋರ್ಟು ಹೇಳಿದ ಹಣದಲ್ಲಿ ಮೂರನೇ ಎರಡು ಭಾಗ ಹೋಯಿತು. ಯಾವ ತಪ್ಪಿಗೆ?

ನನ್ನ ಚಿಕ್ಕಪ್ಪ ಒಂದು ರಾತ್ರಿ ಪೈಪ್ ಹಾಕಲು ಅಗೆದು ಬಿಟ್ಟಿದ್ದ ಗುಂಡಿಗೆ ಬಿದ್ದರು. ಅಲ್ಲಿ ಲೈಟೂ ಇರಲಿಲ್ಲ, ಹಗ್ಗವನ್ನೂ ಕಟ್ಟಿರಲಿಲ್ಲ. ತೊಡೆಯ ಮೂಳೆ ಮುರಿದು ರಾಡ್ ಹಾಕಿಸಬೇಕಾಯಿತು. ವಕೀಲರು, ‘ದಾವೆ ಹಾಕಬಹುದು, ಆದರೆ ವರ್ಷಗಟ್ಟಲೆ ಆಗುತ್ತೆ, ಸುಮ್ನೆ ಶಾಸಕರ ಹತ್ತಿರ ಒಂದು ಲೆಟರ್ ತಗೊಳ್ಳಿ’ ಎಂದರು. ಬೆಳಿಗ್ಗೆ ಆರಕ್ಕೇ ಹೋಗಿ ಕೂತೆವು. ಚಿಕ್ಕಪ್ಪನ ಮಡಿಲಲ್ಲಿ ಎಕ್ಸ್‌ರೇ ಕವರು, ಅದರೊಳಗೇ ಆಸ್ಪತ್ರೆ ಬಿಲ್ಲು, ರೇಷನ್ ಕಾರ್ಡಿನ ಜೆರಾಕ್ಸು. ವಾಕರ್ ಹಿಡಿದು ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅವರು ಬೆವರಿಹೋಗಿದ್ದರು. ಒಳಗಿದ್ದ ಪಿಎ ಎಕ್ಸ್‌ರೇ ನೋಡಲಿಲ್ಲ. ‘ಯಾವ ಬೂತು ನಿಮ್ದು?’ ಎಂದು ಕೇಳಿದ.

ಚಿಕ್ಕಪ್ಪ ಬೂತು ಹೇಳಿದರು. ನಾಳೆ ಬನ್ನಿ, ಸೋಮವಾರ ಬನ್ನಿ, ಸಾಹೇಬರು ಬೆಂಗಳೂರಿಗೆ ಹೋಗಿದ್ದಾರೆ ಅಂತಲೇ ದಿನ ಕಳೆಯಿತು. ಕಡೆಗೊಮ್ಮೆ ಲೆಟರ್ ಸಿಕ್ಕಿತು, ಆಸ್ಪತ್ರೆ ಬಿಲ್ಲಿನ ಒಂದು ಪಾಲು ಹಣವೂ ಬಂತು. ಚೆಕ್ ಕೊಡುವಾಗ ಫೋಟೋ ತೆಗೆದರು. ಚಿಕ್ಕಪ್ಪ ಕೈಮುಗಿದು ನಿಂತಿದ್ದಾರೆ. ಗುಂಡಿ ತೋಡಿ ಹೋದವರು ಯಾರು ಅಂತ ಯಾರೂ ಕೇಳಲಿಲ್ಲ, ಯಾರೂ ಕ್ಷಮೆಯನ್ನೂ ಕೇಳಲಿಲ್ಲ. ಆ ಫೋಟೋ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಫ್ಲಾರಿಡಾದ ಮಸೂದೆಗೂ ಈ ಲೆಟರಿಗೂ ವ್ಯತ್ಯಾಸವಿದೆ ಅನ್ನುವವರಿದ್ದಾರೆ. ಅಲ್ಲಿ ವಿಚಾರಣೆ ನಡೆಯುತ್ತದೆ, ದಾಖಲೆ ನೋಡುತ್ತಾರೆ, ನಿಜ. ಆದರೂ ಕೊನೆಯ ಮಾತು ಶಾಸಕರದ್ದೇ. ಪರಿಚಯ ಇದ್ದವರ ಮಸೂದೆ ಮುಂದೆ ಹೋಗುತ್ತದೆ, ಇಲ್ಲದವರು ಮುಂದಿನ ಅಧಿವೇಶನಕ್ಕೆ ಕಾಯಬೇಕು. ರೋಸ್‌ವುಡ್ ಹೆಸರನ್ನು ಎಲ್ಲರೂ ಎತ್ತುತ್ತಾರೆ. 71 ವರ್ಷ ಕಾಯಿಸಿ ಕೊಟ್ಟ ಹಣವನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಹೇಗೆ? ಅಷ್ಟರಲ್ಲಿ ಎಷ್ಟು ಜನ ಮಣ್ಣಾಗಿದ್ದರು!

ಇದು ಸರಿಯಲ್ಲ ಅಂತ ಅಮೆರಿಕದ ಸಂಸತ್ತಿಗೇ ಗೊತ್ತಾಗಿತ್ತು. ಅಲ್ಲಿ ಇಂಥ ಅರ್ಜಿಗಳು ಮಿತಿಮೀರಿದ್ದಕ್ಕೇ 1855ರಲ್ಲಿ ಬೇರೆ ಕೋರ್ಟು ಮಾಡಿದರು. 1946ರಲ್ಲಿ, ಸರ್ಕಾರಿ ನೌಕರರ ಅಜಾಗರೂಕತೆಯಿಂದ ಪೆಟ್ಟು ತಿಂದವರು ನೇರವಾಗಿ ಕೇಂದ್ರ ಸರ್ಕಾರದ ಮೇಲೆ ದಾವೆ ಹಾಕಲು ಕಾನೂನು ತಂದರು. ನಮ್ಮಲ್ಲೂ ಸರ್ಕಾರಿ ಬಸ್ಸು ಗುದ್ದಿದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ವಯಸ್ಸು, ದುಡಿಮೆ, ಏಟು ಎಷ್ಟು ಅಂತ ನೋಡುತ್ತಾರೆ, ಬೂತು ಕೇಳುವುದಿಲ್ಲ. ಸರ್ಕಾರದವರು ತೋಡಿದ ಗುಂಡಿಗೆ ಬಿದ್ದವರಿಗೂ ಅಂಥದ್ದೊಂದು ಮಂಡಳಿ ಬೇಕು. ಫ್ಲಾರಿಡಾದವರು ಆ ಹಣದ ಮಿತಿಯನ್ನು ತೆಗೆದುಹಾಕಲಿ, ಜ್ಯೂರಿ ಹೇಳಿದ್ದನ್ನು ಹೇಳಿದಷ್ಟೇ ಕೊಡಲಿ.