ಮತಕ್ಕೆ ಗಾಡಿ ಬಂತು, ಗ್ರಾಮಸಭೆಗೆ ಫೋನೂ ಬರಲಿಲ್ಲ

ಪುಣೆಯ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಮಜೂರ ಅಡ್ಡಾ, ದಿನಗೂಲಿಯವರು ಕೆಲಸಕ್ಕಾಗಿ ಕಾಯುವ ಜಾಗ. ಬೆಳಿಗ್ಗೆ ಎಂಟಕ್ಕೆ ಅಲ್ಲಿ ಬುತ್ತಿ ಹಿಡಿದು ನಿಂತವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ಎಷ್ಟೋ ಜನ. ಊರು ಬಿಟ್ಟು ಹದಿನೆಂಟು ವರ್ಷವಾದರೂ ಆ ಕನ್ನಡ ಕಿವಿಗೆ ಬಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ಹೋದ ವಾರ ಅಲ್ಲಿ ಇಂಡಿ ತಾಲ್ಲೂಕಿನ ಹುಡುಗನೊಬ್ಬ ಸಿಕ್ಕಿದ. ವಯಸ್ಸು 26, ಪ್ಲಂಬಿಂಗ್ ಕೆಲಸ. ಹಿಂಜೆವಾಡಿಯ ಇಪ್ಪತ್ತು ಅಂತಸ್ತಿನ ಕಟ್ಟಡಗಳಿಗೆ ನೀರೇರಿಸುವ ಪೈಪು ಜೋಡಿಸಿದವನು. ಅವನ ಊರಿನಲ್ಲಿ ಮನೆಮನೆಗೆ ನಲ್ಲಿ ಬಂದಿದೆ, ಆದರೆ ವಾಲ್ವ್ ಕೆಟ್ಟು ತಿಂಗಳುಗಳಾಗಿವೆ. ಅವನ ಅವ್ವ ಮತ್ತೆ ಕೊಡ ಹೊತ್ತು ಬೋರ್‌ವೆಲ್‌ಗೆ ಹೋಗುತ್ತಿದ್ದಾಳೆ.

“ಊರಿನಲ್ಲೇ ಇದನ್ನು ನೋಡಿಕೊಳ್ಳುವ ಕೆಲಸ ಕೊಟ್ಟರೆ ಇರುತ್ತೀಯಾ ತಮ್ಮಾ?” ಎಂದೆ.

“ಕೇಳಿದವರು ಯಾರು ಅಣ್ಣಾ? ಪಂಚಾಯಿತಿ ಚುನಾವಣೆಗೆ ಮತ ಹಾಕಲು ಇಲ್ಲಿಯವರೆಗೆ ಗಾಡಿ ಕಳುಹಿಸಿದ್ದರು. ಗ್ರಾಮಸಭೆ ಇದೆ ಎಂದು ಒಂದು ಫೋನೂ ಬರಲಿಲ್ಲ.”

ಈ ಮಾತು ನನ್ನನ್ನು ಬಿಡುತ್ತಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಗ್ರಾಮಸಭೆಗೆ ಸ್ಥಾನ ಕೊಟ್ಟಿತು, 21 ತುಂಬಿದವರು ಪಂಚಾಯಿತಿಗೆ ಸ್ಪರ್ಧಿಸಬಹುದು ಎಂದಿತು. ಆದರೆ ಕ್ರಿಯಾ ಯೋಜನೆ ತೀರ್ಮಾನವಾಗುವ ದಿನ ಆ ವಯಸ್ಸಿನವರು ಪುಣೆಯಲ್ಲಿ ಸಿಮೆಂಟ್ ಹೊರುತ್ತಿರುತ್ತಾರೆ, ಗೋವಾದಲ್ಲಿ ಗಾರೆ ಕಲೆಸುತ್ತಿರುತ್ತಾರೆ. ಯಾವ ಓಣಿಗೆ ಚರಂಡಿ, ಯಾರಿಗೆ ಕೆಲಸ ಎಂಬುದೆಲ್ಲ ಅವರಿಲ್ಲದೆಯೇ ಮುಗಿದಿರುತ್ತದೆ.

ಪಂಚಾಯಿತಿಯಲ್ಲಿ ದುಡ್ಡಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗ ಪಂಚಾಯಿತಿಗಳ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿತು. ಪೈಪು ಹಾಕುವಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಪಂಪು ಸುಡುತ್ತದೆ, ಜಾಯಿಂಟ್ ಸೋರುತ್ತದೆ, ಟ್ಯಾಂಕ್ ತೊಳೆಯಬೇಕು. ಒಬ್ಬ ನೀರಗಂಟಿಯ ಮೇಲೆ ಇಷ್ಟನ್ನೂ ಹೇರಿ, ಇದನ್ನೇ ಕಸುಬಾಗಿ ಕಲಿತ ಹುಡುಗನನ್ನು ಇನ್ನೊಂದು ರಾಜ್ಯದ ಅಡ್ಡಾದಲ್ಲಿ ನಿಲ್ಲಿಸಿದ್ದೇವೆ. ಪಂಚಾಯಿತಿ ಊರಿನ ಎಲ್ಲರಿಗೂ ಕೆಲಸ ಕೊಡಲಾರದು, ನನಗೂ ಗೊತ್ತು. ನಾಲ್ಕೈದು ಜನರಿಗಾದರೂ ಕೊಡಬಹುದಲ್ಲ?

ಪುಣೆಯಿಂದ ಮೂರು ಗಂಟೆಯ ದಾರಿಯಲ್ಲಿ ಹಿವರೆ ಬಾಜಾರ್ ಎಂಬ ಹಳ್ಳಿ ಇದೆ. ಎಂ.ಕಾಂ. ಓದಿದ ಪೋಪಟರಾವ್ ಪವಾರ್ ತರುಣ ವಯಸ್ಸಿನಲ್ಲೇ ಅಲ್ಲಿ ಸರಪಂಚರು, ಅಂದರೆ ಪಂಚಾಯಿತಿ ಅಧ್ಯಕ್ಷರಾದರು. ಗುಡ್ಡದ ಇಳಿಜಾರಿಗೆ ಊರವರೇ ಒಡ್ಡು ಹಾಕಿದರು. ನೀರಾವರಿಗೆ ಕೊಳವೆಬಾವಿ ಬೇಡ, ಕಬ್ಬು ಬೇಡ ಎಂದು ಕಟ್ಟು ಮಾಡಿಕೊಂಡರು. ಬರಕ್ಕೆ ಹೆದರಿ ಪುಣೆ, ಮುಂಬೈ ಸೇರಿದ್ದ ಕುಟುಂಬಗಳು ಮರಳಿ ಹೋದವು. 2020ರಲ್ಲಿ ಪವಾರ್ ಅವರಿಗೆ ಪದ್ಮಶ್ರೀ ಬಂದಾಗ ನನಗೆ ನೆನಪಾದದ್ದು ಆ ಮರಳಿ ಹೋದ ಕುಟುಂಬಗಳೇ.

ನಮ್ಮ ಜಿಲ್ಲೆಗಳ ಪಂಚಾಯಿತಿಗಳನ್ನು ನಾನು ಕೇಳುವುದು ಇಷ್ಟೇ: ವರ್ಷದಲ್ಲಿ ಒಂದು ಗ್ರಾಮಸಭೆಯನ್ನಾದರೂ ಪಂಚಮಿಗೋ ಜಾತ್ರೆಗೋ ಹೊಂದಿಸಿ ಇಡಿ. ಆಗ ಎಲ್ಲ ಊರಿನಲ್ಲಿರುತ್ತಾರೆ. ದುಡಿಯಲು ಹೋದವರ ಹೆಸರಿನ ಮುಂದೆ ಅವರಿಗೆ ಬರುವ ಕೆಲಸವನ್ನೂ ಬರೆದಿಡಿ. ವೈರಿಂಗ್, ವೆಲ್ಡಿಂಗ್, ಪ್ಲಂಬಿಂಗ್, ಕಂಪ್ಯೂಟರ್, ಏನು ಬರುತ್ತದೋ ಅದು.

ಅಡ್ಡಾದಲ್ಲಿ ಆ ಇಂಡಿಯ ಹುಡುಗನ ಊರಿನವರೇ ಒಂಬತ್ತು ಜನ ಸಿಕ್ಕಿದ್ದಾರೆ. ಎಲ್ಲರ ಹೆಸರು, ಕಸುಬು ಬರೆದುಕೊಂಡಿದ್ದೇವೆ. ಪಂಚಮಿಗೆ ಅವರು ಊರಿಗೆ ಹೋಗುವಾಗ ನಾನೂ ಜೊತೆಗಿರುತ್ತೇನೆ. ಆ ಹಾಳೆಯನ್ನು ಪಿಡಿಒ ಕೈಗೆ ಕೊಟ್ಟು ಸ್ವೀಕೃತಿ ಪಡೆಯುತ್ತೇವೆ.