ಆಂಪ್ ಬದಲಾಯ್ತು, ಪರದೆ ಸರೀತು

ಧಾರವಾಡದ ಕಡೆ ಸಂಗೀತ ಕೇಳೋದಕ್ಕೆ ದೊಡ್ಡ ಖರ್ಚು ಅಂತ ಇರಲಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಕಛೇರಿ ನಡೆದರೆ ಜಮಖಾನೆ ಮೇಲೆ ಕಾಲು ಮಡಚಿ ಕೂತರಾಯ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಅಷ್ಟು ದೂರ ಹೋಗೋದೂ ಬೇಕಿರಲಿಲ್ಲ. ಪಕ್ಕದ ಮನೆಯಲ್ಲಿ ರೇಡಿಯೋ ಇದ್ದರೆ ಸಾಕು, ಮಲ್ಲಿಕಾರ್ಜುನ ಮನ್ಸೂರರು ತಾವಾಗೇ ನಿಮ್ಮ ಪಡಸಾಲೆಗೆ ಬರುತ್ತಿದ್ದರು.

ಈಗ ಹಾಗೆಲ್ಲ ಆಗೋದಿಲ್ಲ. ಈಗ ಮನ್ಸೂರರು ಬರಬೇಕಂದ್ರೆ ಮೊದಲು ಒಳ್ಳೆಯ ಹೆಡ್‌ಫೋನ್ ಬೇಕು. ಹೆಡ್‌ಫೋನ್ ತಂದರೆ ಅದಕ್ಕೊಂದು ಆಂಪ್ಲಿಫೈಯರ್ ಬೇಕು. ಆಂಪ್ಲಿಫೈಯರ್ ತಂದರೆ ಅದು ಈ ಹೆಡ್‌ಫೋನಿಗೆ ಸರಿ ಹೊಂದಲ್ಲ ಅಂತ ಯಾರೋ ಹೇಳುತ್ತಾರೆ. ಆಮೇಲೆ ಇನ್ನೊಂದು ಆಂಪ್ಲಿಫೈಯರ್. ಮನ್ಸೂರರು ಪಾಪ, ಬಾಗಿಲಲ್ಲೇ ನಿಂತಿರುತ್ತಾರೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮಗೊಬ್ಬ ಕಾಕಾ ಇದ್ದಾರೆ. ನಿವೃತ್ತ ಎಲೆಕ್ಟ್ರಿಕಲ್ ಇಂಜಿನಿಯರ್. ರಿಟೈರ್ ಆಗುವಾಗ ಓಮನ ನಿಯಮವನ್ನು ಆಫೀಸಿನಲ್ಲೇ ಬಿಟ್ಟು ಬಂದಿದ್ದಾರೆ. ಮನೆಯ ಮಾಳಿಗೆ ಮೇಲಿನ ಖೋಲಿಯಲ್ಲಿ ಒಂದು ಟೇಬಲ್ಲು, ಟೇಬಲ್ ಮೇಲೆ ಸಾಲಾಗಿ ಕಪ್ಪು ಪೆಟ್ಟಿಗೆಗಳು. ಒಂದರಲ್ಲಿ ಗಾಜಿನ ಟ್ಯೂಬುಗಳು ಕೆಂಪಗೆ ಉರಿಯುತ್ತಿರುತ್ತವೆ. ಇನ್ನೊಂದು ಎಷ್ಟು ಭಾರ ಅಂದ್ರೆ ಮೇಲೆ ಸಾಗಿಸೋಕೆ ಇಬ್ಬರು ಹುಡುಗರು ಬೇಕಾಯ್ತು. ಕಾಕೂ ಆ ಖೋಲಿಗೆ ಕಾಲಿಡೋದಿಲ್ಲ. ಕಸ ಗುಡಿಸುವಾಗ ಕೇಬಲ್ ಅಲುಗಿದರೆ ಸೌಂಡ್‌ಸ್ಟೇಜ್, ಅಂದ್ರೆ ಹಾಡು ಎದುರಿನ ವೇದಿಕೆ ಮೇಲೆ ಹರಡಿಕೊಂಡ ಹಾಗೆ ಕೇಳಿಸೋದು, ಕೆಡುತ್ತದಂತೆ.

"ಬಾರೋ ತಮ್ಮಾ, ಈಗ ಕೇಳಿಲ್ಲಿ" ಅಂತ ಕಾಕಾ ಹೆಡ್‌ಫೋನ್ ನನ್ನ ತಲೆಗೆ ಸಿಕ್ಕಿಸುತ್ತಾರೆ. "ಪರದೆ ಸರೀತೋ ಇಲ್ಲೋ?"

ಈ ಪರದೆಯ ವಿಷಯ ಸ್ವಲ್ಪ ಹೇಳಲೇಬೇಕು. ಕಾಕಾನ ಹೆಡ್‌ಫೋನು ಸೆನ್‌ಹೈಸರ್ ಎಚ್‌ಡಿ 650. 2003ರಿಂದ ಮಾರಾಟದಲ್ಲಿರೋ ಮಾಲು, ಒಳ್ಳೆಯ ಹೆಸರಿದೆ. ಆದರೆ ಅದರ ನಾದದ ಮೇಲೆ ತೆಳುವಾದೊಂದು ಪರದೆ ಇದ್ದ ಹಾಗೆ ಅನಿಸುತ್ತೆ ಅಂತ ಮೊದಲಿಂದಲೂ ಕೆಲವರ ದೂರು. ಅದಕ್ಕೆ ಔಷಧ ಆಂಪ್ಲಿಫೈಯರ್. ಮೊದಲನೇ ಆಂಪ್ ಬಂದಾಗ ಪರದೆ ಸರಿಯಿತು. ಎರಡನೆಯದು ಬಂದಾಗ, ಮೊದಲು ಸರಿದಿದ್ದು ನಿಜವಾದ ಪರದೆಯೇ ಅಲ್ಲ, ಈಗ ಸರಿದಿದ್ದೇ ಪರದೆ ಅಂತಾಯ್ತು. ಮೂರನೆಯದಕ್ಕೆ ಇನ್ನೂ ಒಂದು ಸರಿಯಿತು. ಗದಗಿನ ಗರುಡ ಸದಾಶಿವರಾಯರ ಕಂಪನಿ ನಾಟಕದಲ್ಲೂ ಒಂದು ರಾತ್ರಿಗೆ ಇಷ್ಟು ಪರದೆ ಎದ್ದಿರಲಿಕ್ಕಿಲ್ಲ. ಅಲ್ಲಿ ಪರದೆ ಎದ್ದರೆ ಹಿಂದೆ ಒಬ್ಬ ಕೃಷ್ಣನಾದರೂ ಇರುತ್ತಿದ್ದ. ಇಲ್ಲಿ ಹಿಂದೆ ಇನ್ನೊಂದು ಪರದೆ.

ಲೆಕ್ಕ ನೋಡೋಣ. ಕಂಪನಿಯೇ ಕೊಟ್ಟಿರೋ ಅಂಕಿ ಪ್ರಕಾರ ಎಚ್‌ಡಿ 650ಕ್ಕೆ 1 ವೋಲ್ಟ್ ಕೊಟ್ಟರೆ 103 ಡೆಸಿಬಲ್ ಶಬ್ದ. ಅದರ ಇಂಪೀಡೆನ್ಸ್, ಅಂದ್ರೆ ಕರೆಂಟಿಗೆ ಅದು ಒಡ್ಡೋ ಅಡ್ಡಿ, 300 ಓಮ್. ಅಂದ್ರೆ 103 ಡೆಸಿಬಲ್‌ಗೆ ಬೇಕಾಗೋದು ಸುಮಾರು 3.3 ಮಿಲಿವ್ಯಾಟ್. ವ್ಯಾಟ್ ಅಲ್ಲ, ಮಿಲಿವ್ಯಾಟ್. ಅಷ್ಟು ಜೋರಾಗಿ ದಿನಾ ಕೂತು ಕೇಳಿದರೆ ಮುಂದೆ ಆಂಪ್ ಅಂಗಡಿಗಿಂತ ಕಿವಿ ಡಾಕ್ಟರ ಹತ್ತಿರವೇ ಓಡಾಟ ಜಾಸ್ತಿ ಆಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು 80 ಡೆಸಿಬಲ್, ಅದೂ ವಾರಕ್ಕೆ 40 ಗಂಟೆ. 80 ಡೆಸಿಬಲ್‌ಗೆ ಈ ಹೆಡ್‌ಫೋನು ಕೇಳೋದು ಒಂದು ಮಿಲಿವ್ಯಾಟಿನ ಅರವತ್ತರಲ್ಲಿ ಒಂದು ಪಾಲು. ಗಾಯಕ ತಾರಸಪ್ತಕಕ್ಕೆ ಏರಿ ದನಿ ಬಿಚ್ಚಿದಾಗ ಒಂದೆರಡು ಮಿಲಿವ್ಯಾಟ್ ಅಂತಲೇ ಇಟ್ಟುಕೊಳ್ಳಿ. ಫೋನಿನ ಬಾಲಕ್ಕೆ ಸಿಕ್ಕಿಸೋ ಬೆರಳುದ್ದದ ಡಾಂಗಲ್ಲು, ಒಳ್ಳೆಯದಾದರೆ, 1 ವೋಲ್ಟ್ ಕೊಟ್ಟೇ ಕೊಡುತ್ತೆ.

ಅಷ್ಟಕ್ಕೆ ಇಬ್ಬರು ಹುಡುಗರು ಹೊತ್ತ ಪೆಟ್ಟಿಗೆ ಯಾಕೆ ಅಂತ ಕೇಳಿದೆ.

"ರಿಸರ್ವ್ ಪವರ್ ಬೇಕಲೇ" ಅಂದರು ಕಾಕಾ. ಉಣಕಲ್ ಕೆರೆ ದಂಡೆಯಲ್ಲಿ ಬೆಳಗಿನ ವಾಕಿಂಗ್ ಮಾಡುತ್ತಾ ಈ ರಿಸರ್ವ್ ಪವರ್ ಬಗ್ಗೆ ಅವರು ಒಂದು ಗಂಟೆ ಮಾತಾಡಬಲ್ಲರು.

ಹಾಗಂತ ಎಲ್ಲವೂ ಸುಳ್ಳು ಅಂತಲ್ಲ. ಕೆಲವು ಹೆಡ್‌ಫೋನುಗಳು ನಿಜವಾಗಿಯೂ ಹೊಟ್ಟೆಬಾಕ. ಹೈಫೈಮನ್ ಎಚ್‌ಇ-6 ಅಂತ ಒಂದಿದೆ. 1 ಮಿಲಿವ್ಯಾಟ್ ಕೊಟ್ಟರೆ ಬರೀ 83.5 ಡೆಸಿಬಲ್. ತಬಲಾ ಪೆಟ್ಟು 110ರ ತನಕ ಏರಬೇಕಂದ್ರೆ ಹತ್ತಿರ ಹತ್ತಿರ ಅರ್ಧ ವ್ಯಾಟ್ ಬೇಕು. ಡಾಂಗಲ್ಲು ಅಲ್ಲಿ ಕೈಚೆಲ್ಲುತ್ತೆ. ಅಂಥದಕ್ಕೆ ಒಳ್ಳೆಯ ಆಂಪ್ ತಗೊಳ್ಳಲೇಬೇಕು, ಯಾರೂ ನಗೋದಿಲ್ಲ.

ಟ್ಯೂಬ್ ಆಂಪಿನ ಕಥೆಯೂ ಪೂರ್ತಿ ಭ್ರಮೆ ಅಲ್ಲ. ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಟ್ಯೂಬ್ ಆಂಪ್‌ಗಳ ಔಟ್‌ಪುಟ್ ಇಂಪೀಡೆನ್ಸ್ 100 ಓಮ್ ದಾಟುತ್ತೆ. ಎಚ್‌ಡಿ 650ರ 300 ಓಮ್ ಅನ್ನೋದು ಡಬ್ಬಿ ಮೇಲಿನ ಅಂಕಿ. ಕೆಳಗೆ 80-100 ಹರ್ಟ್ಜ್ ಹತ್ತಿರ ಅದು 500ರ ಆಸುಪಾಸಿಗೆ ಏರುತ್ತೆ. ವೋಲ್ಟೇಜು ಆಂಪಿನ ಒಳಗಿನ ಓಮಿಗೂ ಹೆಡ್‌ಫೋನಿನ ಓಮಿಗೂ ಹಂಚಿಹೋಗೋದರಿಂದ, ಓಮ್ ಜಾಸ್ತಿ ಇರೋ ಕಡೆ ಹೆಡ್‌ಫೋನಿಗೆ ದೊಡ್ಡ ಪಾಲು. ಆಂಪಿನದು 120 ಓಮ್ ಅಂತ ಹಿಡಿದು ಲೆಕ್ಕ ಹಾಕಿದರೆ ಬೇಸ್ ಸುಮಾರು 1 ಡೆಸಿಬಲ್ ಮೇಲೇಳುತ್ತೆ. ಕಾಕಾ "ಬೆಚ್ಚಗ ಕೇಳ್ತೈತಿ" ಅನ್ನೋದು ಈ ಒಂದು ಡೆಸಿಬಲ್ಲಿಗೆ. ಫೋನಿನ ಈಕ್ವಲೈಜರಿನಲ್ಲಿ ಒಂದು ಗೆರೆ ಮೇಲೆಳೆದರೆ ಹೆಚ್ಚುಕಮ್ಮಿ ಅದೇ ಬೆಚ್ಚಗಿನದು ಪುಕ್ಕಟೆ ಬರುತ್ತೆ. ಆದರೆ ಈಕ್ವಲೈಜರ್ ಮುಟ್ಟೋದು ಮಹಾಪಾಪ. ಅದು ನಾದವನ್ನ ಕೆಡಿಸುತ್ತಂತೆ. ಆಂಪ್ ಕೆಡಿಸಿದರೆ ಅದು ಮಾತ್ರ ಕಲೆ. ಇದೇ ಟ್ಯೂಬ್ ಆಂಪಿಗೆ ಇಂಪೀಡೆನ್ಸ್ ಸಪಾಟಾಗಿರೋ ಪ್ಲೇನಾರ್ ಅನ್ನೋ ಜಾತಿಯ ಹೆಡ್‌ಫೋನ್ ಸಿಕ್ಕಿಸಿದರೆ ಈ ಏರಿಳಿತ ಇರೋದೇ ಇಲ್ಲ. ಕಾಕಾಗೆ ಅಲ್ಲೂ ಬೆಚ್ಚಗೇ ಕೇಳಿಸಿತು, ಅದು ಬೇರೆ ಮಾತು. ಟ್ಯೂಬುಗಳು ಕಣ್ಣಿಗೆ ಕೆಂಪಗೆ ಕಾಣುತ್ತಿದ್ದವಲ್ಲ.

ಒಮ್ಮೆ ಗಂಗೂಬಾಯಿ ಹಾನಗಲ್ಲರ ರೆಕಾರ್ಡಿಂಗ್ ಹಾಕಿದ್ದರು. "ನೋಡಿದ್ಯಾ, ದನಿಗೆ ಎಂಥಾ ತೂಕ ಬಂತು! ಟ್ಯೂಬಿನ ಕಮಾಲು ಇದು." ಗಂಗೂಬಾಯಿ ಅವರ ದನಿಗೆ ಆ ತೂಕ ಬಂದಿದ್ದು ಟಾನ್ಸಿಲ್ ಚಿಕಿತ್ಸೆ ಆದ ಮೇಲೆ ಅಂತ ಹುಬ್ಬಳ್ಳಿಯಲ್ಲಿ ಅರ್ಧ ಊರಿಗೆ ಗೊತ್ತು. ಅದರ ಶ್ರೇಯಸ್ಸೂ ಈಗ ಆಂಪ್ಲಿಫೈಯರಿಗೆ ಹೋಯ್ತು.

78 ಆರ್‌ಪಿಎಂ ತಟ್ಟೆಯ ಹಾಡುಗಳ ಗತಿ ಇನ್ನೂ ಚೆಂದ. ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ, ಅಷ್ಟರಲ್ಲೇ ರಾಗ ಮುಗಿಸಬೇಕು. ಆ ತಟ್ಟೆಗಳಲ್ಲಿ ಮೇಲಿನ ಕಂಪನಗಳು ಇರೋದೇ ಕಮ್ಮಿ. ಒಂದು ಮಟ್ಟ ದಾಟಿದ ಮೇಲೆ ಸಿಗೋದು ಬರೀ ಸೂಜಿಯ ಸರಸರ. ಕಾಕಾ ಅದರಲ್ಲೇ 20 ಸಾವಿರ ಹರ್ಟ್ಜ್‌ನ 'ಗಾಳಿ' ಕೇಳುತ್ತಾರೆ. ಅರವತ್ತು ದಾಟಿದ ಕಿವಿಗೆ 20 ಸಾವಿರ ಹರ್ಟ್ಜ್ ಬಿಡಿ, ಹದಿನೈದು ಸಾವಿರ ಕೇಳಿಸಿದರೂ ಮನೆಯಲ್ಲಿ ಹೋಳಿಗೆ ಮಾಡಬೇಕು.

ಇದಕ್ಕಿಂತ ನನಗೆ ಬಹಳ ಹಿಡಿಸಿದ್ದು 'ಕಾರ್ಗತ್ತಲ ಹಿನ್ನೆಲೆ'. ಒಳ್ಳೆಯ ಆಂಪಿನಲ್ಲಿ ಸ್ವರ ಮತ್ತು ಸ್ವರದ ನಡುವೆ ಕಾರ್ಗತ್ತಲು ಇರುತ್ತಂತೆ. ಒಂದು ಚೂರೂ ಗುಂಯ್ ಅನ್ನೋದಿಲ್ಲ. ಕಾಕಾ ಅದಕ್ಕಾಗಿ ಲಕ್ಷದ ಮಾತಿನಲ್ಲೇ ಖರ್ಚು ಮಾಡಿದ್ದಾರೆ. ಎಚ್‌ಡಿ 650 ಓಪನ್ ಬ್ಯಾಕ್ ಹೆಡ್‌ಫೋನ್. ಹಿಂದುಗಡೆ ಬರೀ ಜಾಲರಿ. ಒಳಗಿನದು ಹೊರಗೆ ಹೋಗುತ್ತೆ, ಹೊರಗಿನದು ಒಳಗೆ ಬರುತ್ತೆ. ಬೆಳಿಗ್ಗೆ ಎಂಟಕ್ಕೆ ಕಾಕಾ ಕಣ್ಣು ಮುಚ್ಚಿ ಕೂತು ತೋಡಿ ಕೇಳುತ್ತಿದ್ದಾರೆ. ಆಲಾಪ ಮಂದ್ರಕ್ಕೆ ಇಳಿದಿದೆ. ಸ್ವರ ನಿಂತಿತು. ಕಾರ್ಗತ್ತಲು. ಆ ಕಾರ್ಗತ್ತಲೊಳಗಿಂದ ಸ್ಪಷ್ಟವಾಗಿ, ಎಡಗಡೆಯಿಂದ, "ಮೆಂತೇ ಪಲ್ಲೇ... ರಾಜಗಿರೀ... ಪುಂಡೀ ಪಲ್ಲೇ..." ಅದರ ಹಿಂದೆ ಕೆಳಗಿನ ಅಡುಗೆಮನೆಯ ಕುಕ್ಕರ್ ಸೀಟಿ. ಸೌಂಡ್‌ಸ್ಟೇಜ್ ಇಷ್ಟು ಅಗಲ ಇರೋದನ್ನ ನಾನು ಬೇರೆಲ್ಲೂ ಕೇಳಿಲ್ಲ.

ಕರೆಂಟಿನ ಬಗ್ಗೆ ಕಾಕಾಗೆ ಒಂದು ಸಿದ್ಧಾಂತ ಇದೆ. ರಾತ್ರಿ ಎರಡರ ಮೇಲೆ ಕರೆಂಟು 'ಸ್ವಚ್ಛ' ಇರುತ್ತದಂತೆ. ರಾಯಚೂರಿನ ಕಲ್ಲಿದ್ದಲ ಕರೆಂಟೋ ಕೈಗಾದ ಅಣು ಕರೆಂಟೋ, ಅಷ್ಟು ದೂರ ಅಲ್ಯೂಮಿನಿಯಂ ತಂತಿ ಮೇಲೆ ಬಂದು ಓಣಿಯ ಕಂಬದ ಮೇಲೆ ಗಾಳಿಪಟದ ದಾರ ಸುತ್ತಿಕೊಂಡು ಮನೆಗೆ ಇಳಿಯುತ್ತೆ. ಕೊನೆಯ ಒಂದು ಮೀಟರಿಗೆ ಕಾಕಾ ಬೆಳ್ಳಿ ಲೇಪದ ಕೇಬಲ್ ಹಾಕಿದ್ದಾರೆ. ಇರಲಿ ಬಿಡಿ.

ಅತ್ತ ಊರಿನ ಕಡೆ ನೋಡಿದರೆ ಗಣಪತಿ ಮೆರವಣಿಗೆಯ ಡಿಜೆಗೆ ಕಿಟಕಿ ಗಾಜು ನಡುಗುತ್ತವೆ. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿ 45 ಡೆಸಿಬಲ್ ಅಂತ ಕಾನೂನಿನಲ್ಲಿ ಬರೆದಿದೆ. ಅದರ ಬಗ್ಗೆ ಒಂದು ಅರ್ಜಿ ಕೊಡೋಣ ಬರ್ರಿ ಅಂದರೆ ಕಾಕಾಗೆ ಪುರುಸೊತ್ತಿಲ್ಲ. ಹೊಸ ಆಂಪ್ ನಾದವನ್ನ ಕೆಡಿಸೋ ಪ್ರಮಾಣ, ಅದೇ ಡಿಸ್ಟಾರ್ಷನ್ನು, 0.0003 ಪರ್ಸೆಂಟೋ 0.0002 ಪರ್ಸೆಂಟೋ ಅನ್ನೋ ಚಿಂತೆಯಲ್ಲಿದ್ದಾರೆ.

ನಾದ ಬದಲಾಗೋದು ಅಂದ್ರೆ ಏನು ಅಂತ ನೋಡಬೇಕಿದ್ದರೆ ತಂಬೂರಿ ನೋಡಬೇಕು. ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ಹತ್ತಿ ನೂಲು ಇರುತ್ತೆ. ಅದನ್ನ ಉಗುರಿನಷ್ಟು ಹಿಂದೆ ಮುಂದೆ ಸರಿಸಿ. ಮಂಕಾಗಿದ್ದ ತಂತಿ ಝೇಂಕರಿಸೋಕೆ ಶುರು ಮಾಡುತ್ತೆ. ಆಟ ಆಡುತ್ತಿರೋ ಹುಡುಗರೂ ತಿರುಗಿ ನೋಡುತ್ತಾರೆ. "ಪರದೆ ಸರೀತೋ ಇಲ್ಲೋ" ಅಂತ ಯಾರನ್ನೂ ಕೇಳಬೇಕಾಗಿಲ್ಲ. ಒಂದೆಳೆ ನೂಲಿಗೆ ಬಿಲ್ಲೂ ಇಲ್ಲ, ಜಿಎಸ್‌ಟಿಯೂ ಇಲ್ಲ.

ಆಂಪ್‌ಗಳ ಜಗಳ ಹಳೆಯದು. 1985ರಲ್ಲಿ ಅಮೆರಿಕದ ಬಾಬ್ ಕಾರ್ವರ್ ಅನ್ನೋ ಆಂಪ್ ತಯಾರಕ 'ಸ್ಟೀರಿಯೋಫೈಲ್' ಪತ್ರಿಕೆಯವರಿಗೆ ಸವಾಲು ಹಾಕಿದ. ನೀವು ಮೆಚ್ಚಿದ ಯಾವುದೇ ದುಬಾರಿ ಆಂಪ್ ಕೊಡಿ, ನನ್ನ ಅಗ್ಗದ ಆಂಪಿನಲ್ಲಿ ಅದೇ ನಾದ ತರಿಸ್ತೀನಿ ಅಂದ. ಹೋಟೆಲ್ ರೂಮಿನಲ್ಲಿ ಕೂತು ಸರ್ಕ್ಯೂಟ್ ತಿದ್ದಿ ತಿದ್ದಿ, ಎರಡರ ಔಟ್‌ಪುಟ್ಟೂ ಒಂದಕ್ಕೊಂದು ಕಳೆದರೆ ಏನೂ ಉಳಿಯದಷ್ಟು ಸಮ ಮಾಡಿದ. ಕೊನೆಗೆ ಪತ್ರಿಕೆಯವರ ಕಿವಿಗಳು ಎರಡನ್ನೂ ಬೇರೆ ಮಾಡಲಾರದೆ ಸೋತವು. ಈ ಕಥೆ ಹೇಳಿದಾಗ ಕಾಕಾ, "ಅವ್ರ ಕಿವಿ ಸುಮಾರ ಇರ್ಬೇಕು" ಅಂದುಬಿಟ್ಟರು.

ಹಾಗಾದರೆ ನಿಮ್ಮ ಕಿವಿಯದೇ ಪರೀಕ್ಷೆ ಆಗಲಿ ಅಂತ ಕಾಕೂ ಪಟ್ಟು ಹಿಡಿದರು. ಅವರಿಗೆ ಹಳೆಯ ಬಾಕಿ ಇತ್ತು, ಹೊಸ ಫ್ರಿಜ್ಜಿನ ದುಡ್ಡು ಈ ಖೋಲಿಗೆ ಹತ್ತಿತ್ತು. ಕಾಕಾ ಮೊದಲು ಬಹಳ ತಕರಾರು ತೆಗೆದರು. ಆಂಪ್ ಇನ್ನೂ ಬರ್ನ್-ಇನ್ ಆಗಿಲ್ಲ, ಅಂದ್ರೆ ಓಡಿ ಓಡಿ ಪಳಗಿಲ್ಲ ಅಂದರು. ಇವತ್ತು ನೆಗಡಿ ಐತಿ ಅಂದರು. ಪರೀಕ್ಷೆಯ ಟೆನ್ಷನ್‌ನಲ್ಲಿ ಕಿವಿ ಬಿಗೀತೈತಿ ಅಂತಲೂ ಅಂದರು. ಲೈನ್ ಬಜಾರಿನ ಪೇಢೆ ಡಬ್ಬಿ ಮುಂದಿಟ್ಟ ಮೇಲೆ ಒಪ್ಪಿಕೊಂಡರು.

ಟ್ಯೂಬ್ ಆಂಪನ್ನು ಹೊರಗಿಟ್ಟೆವು, ಅದು ನಿಜಕ್ಕೂ ಬೇರೆ ಕೇಳಿಸಬಹುದು ಅಂತ. ಉಳಿದಿದ್ದು ಇಬ್ಬರು ಹೊತ್ತ ಭಾರದ ಪೆಟ್ಟಿಗೆ ಮತ್ತು ನನ್ನ ಜೇಬಿನ ಡಾಂಗಲ್ಲು. ಒಂದೇ ಟೋನ್ ಹಾಕಿ ಮಲ್ಟಿಮೀಟರ್ ಹಿಡಿದು ಎರಡರ ವೋಲ್ಟೇಜನ್ನೂ ಸಮ ಮಾಡಿದೆವು. ಇದು ಬಿಟ್ಟರೆ ಪರೀಕ್ಷೆಗೆ ಅರ್ಥ ಇಲ್ಲ. ಅರ್ಧ ಡೆಸಿಬಲ್ ಜೋರಿದ್ದರೂ ಸಾಕು, ಜೋರಾಗಿದೆ ಅಂತ ಅನಿಸೋದಿಲ್ಲ, ಚೆನ್ನಾಗಿದೆ ಅಂತ ಅನಿಸುತ್ತೆ. ಅಂಗಡಿಯವರ ಅರ್ಧ ವ್ಯಾಪಾರ ನಡೆಯೋದೇ ಅದರ ಮೇಲೆ. ಎರಡರ ಮೇಲೂ ಸ್ನಾನದ ಟವೆಲ್ ಹೊದಿಸಿದೆವು. ಕಾಕಾ ಗೋಡೆ ಕಡೆ ಮುಖ ಮಾಡಿ ಕೂತರು. ಸ್ವಿಚ್ಚು ಕಾಕೂ ಕೈಯಲ್ಲಿ.

ಭೀಮಸೇನ ಜೋಶಿಯವರ ಒಂದೇ ತಾನು, ಮತ್ತೆ ಮತ್ತೆ. ಕಾಕಾ ಒಮ್ಮೆ ತಲೆದೂಗಿದರು, ಒಮ್ಮೆ ಮೂಗು ಮುರಿದರು. "ಇದರಾಗ ಜೀವಾ ಐತಿ" ಅಂದಾಗ ಡಾಂಗಲ್ಲು ನಡೀತಿತ್ತು. "ಇದು ತೆಳ್ಳಗಾತು, ಡಾಂಗಲ್ ಇದು" ಅಂದಾಗ ಭಾರದ ಪೆಟ್ಟಿಗೆ. ಅರ್ಧಕ್ಕರ್ಧ ಸರಿ, ಅರ್ಧಕ್ಕರ್ಧ ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು, ಪೇಢೆ ಉಳಿಯುತ್ತಿತ್ತು.

ಕಾಕೂ ಚೀಟಿ ಓದಿ ಹೇಳಿದರು. ಕಾಕಾ ಹೆಡ್‌ಫೋನ್ ತೆಗೆದು ಟೇಬಲ್ ಮೇಲಿಟ್ಟರು. ಎದ್ದು ಬಂದು ಆ ಟವೆಲ್ಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು.

"ಇದರಾಗ ಪಾಲಿಯೆಸ್ಟರ್ ಐತಿ" ಅಂದರು. "ಅದಕ್ಕ ಸೌಂಡ್‌ಸ್ಟೇಜ್ ಕಟ್ ಆಗೇತಿ. ಮುಂದಿನ ಸಲ ಬೆಂಗೇರಿ ಖಾದೀದು ತಗೊಂಡ್ ಬಾ."